ಮೂರಿಂಚು ಕಡಿಮೆ ಕೋಣೆ

"ತುದಿ ಬಿಗಿಯಾಗಿ ಹಿಡ್ಕೊಳ್ಳಿ. ಗೋಡೆಗೆ ತಾಗಿರಬೇಕು. ಹ್ಞಾಂ, ಹಾಗೆ."

ಅನುವಾದಕಿ ಮಂಡಿಯೂರಿ ಕೂತು ಸ್ಟೀಲ್ ಟೇಪಿನ ತುದಿಯನ್ನು ಗೋಡೆಯ ಬುಡಕ್ಕೆ ಒತ್ತಿ ಹಿಡಿದಳು. ಲೈಸೆನ್ಸ್ ಇನ್‌ಸ್ಪೆಕ್ಟರಮ್ಮ ಟೇಪನ್ನು ಕೋಣೆಯ ಉದ್ದಕ್ಕೂ ಎಳೆದುಕೊಂಡು ಹೋಗಿ, ಎದುರು ಗೋಡೆಗೆ ಮುಟ್ಟಿಸಿ, ಕನ್ನಡಕವನ್ನು ಹಣೆಗೇರಿಸಿ ನೋಡಿದಳು. ಇದು ಮೂರನೇ ಸಲ. ಮೂರು ಸಲವೂ ಒಂದೇ ಉತ್ತರ. ಉದ್ದ ಹನ್ನೆರಡು ಅಡಿ, ಅಗಲ ಹತ್ತು ಅಡಿ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಕೈಯಲ್ಲಿದ್ದ ಫೈಲು ಮಾತ್ರ ಬೇರೆ ಹೇಳುತ್ತಿತ್ತು. ಉದ್ದ ಹನ್ನೊಂದು ಅಡಿ ಒಂಬತ್ತು ಇಂಚು, ಅಗಲ ಒಂಬತ್ತು ಅಡಿ ಒಂಬತ್ತೂವರೆ ಇಂಚು.

"ಗೋಡೆಗೆ ಏನಾದ್ರೂ ಮಾಡಿಸಿದ್ರಾ? ಗಾರೆ ಕೆತ್ತಿಸೋದು, ಬೀರು ತೆಗೆಸೋದು?"

"ಸುಣ್ಣ ಹೊಡೆಸೋಕೇ ಪುರುಸೊತ್ತಿಲ್ಲ ಮೇಡಂ, ಗೋಡೆ ಕೆತ್ತಿಸ್ತೀನಾ?"

ಊರಿನಲ್ಲಿ ಮನೆಯಲ್ಲೇ ಕೂತು ದುಡಿಯುವವರೆಲ್ಲ, ಕರಡು ತಿದ್ದುವವರು, ನಕ್ಷೆ ಬರೆಯುವವರು, ಸಂಗೀತ ಹೇಳಿಕೊಡುವವರು, ಇನ್‌ಸ್ಪೆಕ್ಟರಮ್ಮನಿಗೆ ಬೆನ್ನ ಹಿಂದೆ ಇಟ್ಟ ಹೆಸರು 'ಟೇಪಮ್ಮ'. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು, ಅವಳಿಗೇನೂ ಬೇಸರವಿರಲಿಲ್ಲ. ಕೆಲಸದ ಕೋಣೆ ಮನೆಯ ಎಷ್ಟನೇ ಪಾಲು ಎಂದು ಅಳೆದು ಬರೆದರೇ ಲೈಸೆನ್ಸು; ಆ ಪಾಲನ್ನು ಹಿಡಿದೇ ತೆರಿಗೆಯಲ್ಲಿ ವಿನಾಯಿತಿ. ಇಪ್ಪತ್ತೆರಡು ವರ್ಷದಿಂದ ಅವಳು ಅಳೆಯುತ್ತಿದ್ದದ್ದು ಅದನ್ನೇ. ಅಳತೆಯಲ್ಲಿ ಅವಳಿಗೆ ಮಂಕುಬೂದಿ ಎರಚಿದವರು ಈವರೆಗೆ ಯಾರೂ ಇರಲಿಲ್ಲ.

ಇವತ್ತು ಎರಚಿದ್ದರು. ಮೊದಲ ಸಲ ಲೈಸೆನ್ಸು ಕೇಳಿಕೊಂಡು ಬೆಳಿಗ್ಗೆ ಕಚೇರಿಗೆ ಬಂದ ಅನುವಾದಕಿಯ ಹೆಸರಿನಲ್ಲಿ, ಇದೇ ಕೋಣೆಯ ವಿಳಾಸಕ್ಕೆ, ನಾಲ್ಕು ವರ್ಷದ ಹಿಂದೆಯೇ ಲೈಸೆನ್ಸು ಆಗಿಹೋಗಿತ್ತು. ವರ್ಷ ತಪ್ಪದೆ ತೆರಿಗೆಯೂ ಸಂದಾಯವಾಗಿತ್ತು. ಆ ಲೈಸೆನ್ಸ್ ನಂಬರು ಹಾಕಿ ದೃಢೀಕರಿಸಿದ ಒಂದು ಉಯಿಲಿನ ಸುಳ್ಳು ಅನುವಾದದಿಂದ ವಿಧವೆಯೊಬ್ಬಳು ಮನೆ ಕಳೆದುಕೊಂಡು ಬೀದಿಗೆ ಬಿದ್ದಿದ್ದಳು.

"ಐದು ಗಂಟೆಗೆ ವರದಿ ನನ್ನ ಮೇಜಿನ ಮೇಲಿರಬೇಕು" ಎಂದಿದ್ದರು ಸಾಹೇಬರು. "ಅರ್ಜಿ ಹಾಕಿದ್ದು ಬೇರೆಯವರು ಅಂತ ತೋರಿಸಿದ್ರೆ ಸರಿ. ಇಲ್ಲಾಂದ್ರೆ ಆಯಮ್ಮನ ಫೈಲು ಪೊಲೀಸರಿಗೆ."

ಈಗ ಮೂರೂವರೆ.

ಅನುವಾದಕಿ ಎದ್ದು ಸೀರೆಯ ಧೂಳು ಕೊಡವಿಕೊಂಡಳು. ಮೂವತ್ತೈದರ ಹೆಂಗಸು, ಬೆರಳ ತುದಿಯಲ್ಲಿ ಶಾಯಿಯ ಕಲೆ. ಮೇಜಿನ ಮೇಲೆ ನಾಲ್ಕು ನಿಘಂಟು, ಒಂದು ಔಷಧಿ ಕಂಪನಿಯ ಕೈಪಿಡಿ ಅರ್ಧ ಅನುವಾದವಾಗಿ ಬಿದ್ದಿತ್ತು. ಟೇಪಮ್ಮ ಅವಳ ಮುಖವನ್ನೇ ನೋಡಿದಳು. ಇಷ್ಟು ಹೊತ್ತಾದರೂ ಈ ಹೆಂಗಸು ಅತ್ತಿರಲಿಲ್ಲ. ಅಳದವರನ್ನು ನಂಬುವುದು ಹೇಗೆ? ಅತ್ತಿದ್ದರೆ ನಂಬುತ್ತಿದ್ದೆನೇ ಎಂದು ಕೇಳಿಕೊಂಡರೆ ಅದೂ ಅನುಮಾನವೇ.

ಕಚೇರಿಯಿಂದ ಹೊರಡುವ ಮೊದಲು ಫೋನು ಮಾಡಿದಾಗ ಟೇಪಮ್ಮನ ಮನೆಯವರು ಕೂಡ ನಂಬಬೇಡ ಎಂದೇ ಹೇಳಿದ್ದರು. "ಅನುವಾದದವಳಾ? ಅವಳೇ ಮಾಡಿಕೊಂಡಿರ್ತಾಳೆ, ಸುಮ್ನೆ ತಲೆ ಕೆಡಿಸ್ಕೋಬೇಡ. ಟೇಪ್ ತಗೊಂಡ್ಯಾ?" ಅವರದೂ ಮನೆಯಲ್ಲೇ ಕಸುಬು. ಹಜಾರದ ಮೇಜಿನ ಮುಂದೆ ಕೂತು ಸಣ್ಣಪುಟ್ಟವರ ತೆರಿಗೆ ಫಾರಂ ತುಂಬಿಕೊಡುತ್ತಾರೆ. ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ. ಇಂಥ ಕೇಸುಗಳ ವಾಸನೆ ಅವರಿಗೆ ಚೆನ್ನಾಗಿ ಗೊತ್ತು.

"ನಿಮ್ಮ ಗುರುತಿನ ಚೀಟಿ ನಕಲು, ಸಹಿ, ಎಲ್ಲಾ ಅರ್ಜಿ ಜೊತೆಗಿದೆ. ಯಾರಿಗೆ ಕೊಟ್ಟಿದ್ರಿ?"

"ನೂರು ಸಲ ಹೇಳಿದೆ ಮೇಡಂ. ಆ ವರ್ಷ ತೆರಿಗೆ ಸಹಾಯ ಶಿಬಿರಕ್ಕೆ ಹೋಗಿದ್ದೆ. ಲೈಸೆನ್ಸ್ ಬೇಕಾ ಅಂತ ಕೇಳಿದೆ. ಕಾಗದ ಎಲ್ಲ ಇಸ್ಕೊಂಡು, ನಿಮ್ಮದು ಚಿಕ್ಕ ಕೆಲಸ, ಏನೂ ಬೇಡ ಹೋಗಿ ಅಂದ್ರು."

"ಯಾರು ಅಂದ್ರು?"

"ಹತ್ತು ಮೇಜು ಹಾಕಿದ್ರು. ಜಾತ್ರೆ ಥರ ಜನ. ಯಾವ ಮೇಜು, ಯಾವ ಮುಖ ಅಂತ ನೆನಪಿಟ್ಕೊಳ್ಲಿ?"

ಆ ಶಿಬಿರಕ್ಕೆ ಊರಿನ ತೆರಿಗೆಯವರೆಲ್ಲ ಹೋಗುತ್ತಾರೆ, ಟೇಪಮ್ಮನ ಮನೆಯವರೂ ಹೋಗುತ್ತಾರೆ. ಅಲ್ಲಿ ಹುಡುಕುವುದೆಂದರೆ ಮರಳಲ್ಲಿ ಸಾಸಿವೆ ಹುಡುಕಿದ ಹಾಗೆ. ಟೇಪಮ್ಮ ಆ ದಾರಿಯನ್ನು ಅಲ್ಲಿಗೇ ಬಿಟ್ಟಳು.

ಅಲ್ಲದೆ ಅವಳಿಗೆ ಬೇರೊಂದು ಹುಣ್ಣಿತ್ತು. ಫೈಲಿನ ಕೊನೆಯ ಹಾಳೆ ತಪಾಸಣೆಯ ವರದಿ. 'ಕೋಣೆಯನ್ನು ಖುದ್ದಾಗಿ ಅಳೆದು ನೋಡಿದ್ದೇನೆ.' ಅದರ ಕೆಳಗೆ ಒಂದು ಸಹಿ, ಸಹಿಯ ಮೇಲೆ ಗುಂಡನೆಯ ಸೀಲು, ಸೀಲಿನ ನಡುವೆ ಏಳು. ಏಳನೇ ನಂಬರಿನ ಸೀಲು ಅವಳದೇ. ಸಹಿಯೂ ಥೇಟ್ ಅವಳದರಂತೆಯೇ ಇತ್ತು.

ಈ ಮನೆಯ ಹೊಸ್ತಿಲನ್ನು ಅವಳು ಮೆಟ್ಟಿದ್ದು ಇವತ್ತೇ ಮೊದಲು. ಹಾಗಾದರೆ ಸೀಲು ಒತ್ತಿದವರು ಯಾರು? ಕಚೇರಿಯ ಜವಾನನೇ? ಪಕ್ಕದ ಮೇಜಿನ ಸಹೋದ್ಯೋಗಿಯೇ? ಊಟದ ಹೊತ್ತಿನಲ್ಲಿ ಸೀಲಿರುವ ಚೀಲ ಕುರ್ಚಿಯ ಮೇಲೇ ಇರುತ್ತದೆ. ಬೆಳಿಗ್ಗೆಯಿಂದ ಅವಳು ಕಚೇರಿಯಲ್ಲಿ ಎಲ್ಲರ ಕೈಯನ್ನೂ ಕಳ್ಳನ ಕೈ ನೋಡಿದ ಹಾಗೆ ನೋಡಿದ್ದಳು. ಸಾಹೇಬರು ಇನ್ನೂ ಆ ಹಾಳೆ ತಿರುವಿರಲಿಲ್ಲ. ತಿರುವುವ ಮೊದಲು ತಾನೇ ಪತ್ತೆ ಮಾಡಬೇಕೆಂದು ಯಾರಿಗೂ ಹೇಳದೆ ಫೈಲನ್ನು ಚೀಲಕ್ಕೆ ತುರುಕಿಕೊಂಡು ಬಂದಿದ್ದಳು.

ಆದರೆ ಈ ಮೂರಿಂಚು? ಯಾರೋ ಕೋಣೆಯನ್ನು ನಿಜವಾಗಿಯೂ ಅಳೆದಿದ್ದರು. ಮನೆಯಲ್ಲಿ ಕೂತು ಬರೆದಿದ್ದರೆ ಹನ್ನೆರಡು ಹತ್ತು ಅಂತಲೋ, ಹದಿನೈದು ಹತ್ತು ಅಂತಲೋ ಸರಿಯಂಕಿ ಗೀಚುತ್ತಿದ್ದರು. ಅರ್ಧ ಇಂಚಿನವರೆಗೆ ಬರೆದವರು ಅಳೆದೇ ಬರೆದಿರಬೇಕು. ಅಳೆದು ತಪ್ಪಿದ್ದಾರೆ. ಅದೂ ಎಂಥಾ ತಪ್ಪು!

ಟೇಪಮ್ಮ ಫೈಲಿನ ಹಿಂಬದಿಗೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದಳು. ನೂರ ನಲವತ್ತನಾಲ್ಕು ಇಂಚಿಗೆ ಮೂರು ಇಂಚು ಕಡಿಮೆ. ನೂರ ಇಪ್ಪತ್ತು ಇಂಚಿಗೆ ಎರಡೂವರೆ ಕಡಿಮೆ. ಎರಡು ಕಡೆಯೂ ನಲವತ್ತೆಂಟಕ್ಕೆ ಒಂದು. ಕಣ್ಣು ತಪ್ಪಿದರೆ ಒಂದು ಕಡೆ ತಪ್ಪುತ್ತದೆ. ಎರಡು ಕಡೆಯೂ ಒಂದೇ ಪ್ರಮಾಣದಲ್ಲಿ ತಪ್ಪಬೇಕಾದರೆ ತಪ್ಪು ಕಣ್ಣಿನದಲ್ಲ, ಟೇಪಿನದು. ಸ್ಟೀಲ್ ಟೇಪು ಹಿಗ್ಗುವುದಿಲ್ಲ. ಬಟ್ಟೆ ಟೇಪು ಹಳೆಯದಾದರೆ ಎಳೆದೂ ಎಳೆದೂ ಹಿಗ್ಗುತ್ತದೆ. ಹಿಗ್ಗಿದ ಟೇಪು ಯಾವಾಗಲೂ ಕಡಿಮೆಯೇ ತೋರಿಸುತ್ತದೆ.

ಅಬ್ಬಾ ಎಂದುಕೊಂಡಳು ಅವಳು. ಇಡೀ ದಿನದಲ್ಲಿ ಮೊದಲ ಬಾರಿ ಕಾಲ ಕೆಳಗೆ ನೆಲ ಸಿಕ್ಕಿತ್ತು.

"ಈ ಮನೇಲಿ ಬಟ್ಟೆ ಟೇಪು ಯಾರ ಹತ್ತಿರ ಇದೆ?" ಎಂದು ಜೋರಾಗಿಯೇ ಕೇಳಿದಳು.

ಅವಳು ಬಂದಾಗಿನಿಂದ ಹಿಂದಿನ ಕೋಣೆಯಲ್ಲಿ ಟಕಟಕ ಎಂದು ಒಂದು ಸದ್ದು ಬರುತ್ತಲೇ ಇತ್ತು. ಈಗ ಅದು ಥಟ್ಟನೆ ನಿಂತಿತು.

ಅನುವಾದಕಿಯ ಮುಖದ ಬಣ್ಣ ಇಳಿಯಿತು. "ನಮ್ಮ ಓರಗಿತ್ತಿ. ನಮ್ಮ ಭಾವನ ಹೆಂಡ್ತಿ... ಮೇಡಂ, ಅವರನ್ನ ಇದಕ್ಕೆ ಎಳೀಬೇಡಿ."

"ಎಳಿಯೋದು ಬಿಡೋದು ಆಮೇಲೆ. ನಡೀರಿ."

ಹಿಂದಿನ ಕೋಣೆಯಲ್ಲಿ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಹೊಲಿಗೆ ಮಷಿನಿನ ಮೇಲೆ ಬೆಡ್‌ಶೀಟು ಹೊದಿಸಿ, ಅದರ ಮೇಲೆ ತಾನೇ ಬಾಗಿ ನಿಂತಿದ್ದಳು. ಮಷಿನ್ನಿಗೆ ಜ್ವರ ಬಂದಿದೆಯೇನೋ ಅನ್ನುವ ಹಾಗೆ. ಗೋಡೆಯ ತುಂಬ ಹ್ಯಾಂಗರುಗಳು, ಒಂದೊಂದಕ್ಕೂ ಚೀಟಿ ಪಿನ್ನು ಮಾಡಿದ ಬಟ್ಟೆ. ಕೊರಳಲ್ಲಿ ಹಳದಿ ಬಣ್ಣದ ಇಂಚುಟೇಪು. ಅದನ್ನು ತೆಗೆದಿಡುವುದು ಮರೆತೇ ಹೋಗಿತ್ತು.

"ನಾನೇನೂ ಮಾಡಲ್ಲ ಮೇಡಂ. ಮನೆಯವರದೇ ಹರಿದಿದ್ದು ಗಿರಿದಿದ್ದು ಹೊಲೀತೀನಿ ಅಷ್ಟೇ."

"ಮನೇಲಿ ಅರವತ್ತು ಜನ ಇದ್ದೀರಾ? ಹ್ಯಾಂಗರ್ ನೋಡಿದ್ರೆ ಹಾಗೇ ಅನ್ಸುತ್ತೆ."

ಹೊಲಿಗೆಯವಳು ಬೆಡ್‌ಶೀಟನ್ನು ಇನ್ನಷ್ಟು ಕೆಳಗೆ ಎಳೆದಳು.

"ಲೈಸೆನ್ಸ್ ಇಲ್ಲ ಅಲ್ವಾ? ಅದನ್ನ ಇನ್ನೊಂದಿನ ನೋಡ್ಕೊಳ್ಳೋಣ. ಕೊರಳಲ್ಲಿರೋದು ಕೊಡಿ."

ಟೇಪಮ್ಮ ಕತ್ತರಿಸುವ ಮೇಜಿನ ಮೇಲೆ ತನ್ನ ಸ್ಟೀಲ್ ಟೇಪು ಬಿಚ್ಚಿಟ್ಟು, ಅದರ ಮೈಗೆ ಹಳದಿ ಟೇಪನ್ನು ಜೋಡಿಸಿದಳು. ಮೂವರೂ ಬಾಗಿ ನೋಡಿದರು. ಹಳದಿ ಟೇಪಿನ ಅರವತ್ತನೇ ಗೆರೆ ಸ್ಟೀಲ್ ಟೇಪಿನ ಅರವತ್ತೊಂದೂಕಾಲಿಗೆ ಬಂದು ಕೂತಿತ್ತು.

"ಅಯ್ಯೋ ಅಕ್ಕಾ, ಇಷ್ಟು ವರ್ಷ ಜನಕ್ಕೆಲ್ಲ ತಪ್ಪು ಅಳತೆ ಹೊಲಿದ್ಯಾ?" ಎಂದಳು ಅನುವಾದಕಿ, ಆ ಹೊತ್ತಿನಲ್ಲೂ.

ಹೊಲಿಗೆಯವಳಿಗೆ ಎಲ್ಲಿತ್ತೋ ರೋಷ. "ಯಾರಿಗೆ ತಪ್ಪು ಹೊಲಿದಿದ್ದೀನಿ ಹೇಳು ನೋಡೋಣ! ಅದೇ ಟೇಪಲ್ಲಿ ಮೈ ಅಳೆದು, ಅದೇ ಟೇಪಲ್ಲಿ ಬಟ್ಟೆ ಕತ್ತರಿಸಿದ್ರೆ ಅಳತೆ ಸರಿಯಾಗೇ ಬರುತ್ತೆ. ನಮ್ಮ ಮೇಷ್ಟ್ರು ಕೊಟ್ಟ ಟೇಪು ಅದು. ಕೈಗೆ ಒಗ್ಗಿದೆ."

"ಮೈಗೆ ಸರಿಯಾಗಿ ಬರುತ್ತೆ. ಕೋಣೆಗೆ ಬರಲ್ಲ" ಎಂದಳು ಟೇಪಮ್ಮ. "ನಿಮ್ಮ ಓರಗಿತ್ತಿಯ ಕೋಣೆ ಅಳೆದಿರೋದು ಈ ಟೇಪಲ್ಲಿ. ಅವರ ಹೆಸರಲ್ಲಿ ಅರ್ಜಿ ಹಾಕಿದ್ದು ನೀವೇನಾ?"

"ದೇವರಾಣೆಗೂ ಇಲ್ಲ!"

"ಹಾಗಾದ್ರೆ ಟೇಪು ತಾನೇ ನಡ್ಕೊಂಡು ಹೋಗಿ ಅಳೀತಾ?"

ಅನುವಾದಕಿ ಹೊಲಿಗೆಯವಳ ಎದುರಿಗೆ ಬಂದಳು. ಬೆಳಿಗ್ಗೆಯಿಂದ ಬಾರದ ಅಳು ಈಗ ಬಂದಿತ್ತು.

"ಅಕ್ಕಾ, ಐದು ಗಂಟೆಗೆ ನನ್ನ ಪೊಲೀಸರಿಗೆ ಕೊಡ್ತಾರೆ. ಒಂದೇ ಒಲೇಲಿ ಅಡಿಗೆ ಮಾಡ್ಕೊಂಡು ತಿಂದಿದ್ದೀವಿ ಹತ್ತು ವರ್ಷ. ಗೊತ್ತಿದ್ರೆ ಹೇಳು. ನಿನ್ನ ಕಾಲಿಗೆ ಬೀಳ್ತೀನಿ."

"ಬೇಡ ಕಣೇ, ಹಾಗೆಲ್ಲ ಅನ್ನಬೇಡ." ಹೊಲಿಗೆಯವಳು ಸ್ಟೂಲಿನ ಮೇಲೆ ಕುಸಿದು ಕೂತಳು. "ನೀನು ಅಮ್ಮನ ಆಪರೇಷನ್ನಿಗೆ ಅಂತ ತವರಿಗೆ ಹೋಗಿದ್ಯಲ್ಲ, ಆಗ. ಒಬ್ರು ಬಂದ್ರು. ಲೈಸೆನ್ಸ್ ಆಫೀಸಿನಿಂದ ಅಂದ್ರು. ಕೈಯಲ್ಲಿ ಕಾಗದ ಇತ್ತು, ಕಾಗದದ ಮೇಲೆ ಗುಂಡಗೆ ಸೀಲಿತ್ತು. ನನ್ನ ಎದೆ ಧಸಕ್ಕಂತು. ಈ ಮಷಿನ್ ಹೋಯ್ತು ಅಂದ್ಕೊಂಡೆ."

"ಆಮೇಲೆ?"

"ನಿಮ್ಮ ಓರಗಿತ್ತಿನೇ ಅರ್ಜಿ ಹಾಕಿದ್ದಾರೆ, ಕೋಣೆ ಅಳೀಬೇಕು, ಟೇಪ್ ತರೋಕಾಗಲಿಲ್ಲ, ನಿಮ್ದು ಕೊಡಿ ಅಂದ್ರು. ಕೊಟ್ಟೆ. ಹೋಗೋವಾಗ ಮಷಿನ್ ಕಡೆ ನೋಡಿ ನಕ್ಕರು. ನಾನು ಇದನ್ನ ನೋಡಿಲ್ಲ, ನೀವು ನನ್ನ ನೋಡಿಲ್ಲ ಅಂದ್ರು. ನಾಲ್ಕು ವರ್ಷ ನಾನು ನೋಡಿಲ್ಲ ಅಂತಲೇ ಇದ್ದೀನಿ ಮೇಡಂ."

ಟೇಪ್ ತರಲಾಗಲಿಲ್ಲವಂತೆ. ಟೇಪಮ್ಮ ಆ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದಳು. ಇನ್‌ಸ್ಪೆಕ್ಟರ್ ಆದವನು ಚಪ್ಪಲಿ ಬಿಟ್ಟು ಬಂದಾನು, ಟೇಪು ಬಿಟ್ಟು ಬರುವುದಿಲ್ಲ. ಸೀಲು ಕದಿಯಲು ಒಂದು ಗಳಿಗೆ ಸಾಕು. ಒತ್ತಿ ವಾಪಸು ಇಟ್ಟರೆ ಗೊತ್ತಾಗುವುದಿಲ್ಲ. ಆದರೆ ಅವಳ ಸ್ಟೀಲ್ ಟೇಪು ದಿನವಿಡೀ ಅವಳ ಕೈಯಲ್ಲೇ ಇರುತ್ತದೆ. ಅದನ್ನು ತೆಗೆದುಕೊಂಡು ಹೋದರೆ ಅವಳಿಗೆ ತಿಳಿಯುತ್ತದೆಂದು ಗೊತ್ತಿದ್ದವನೇ ಬಂದಿದ್ದಾನೆ. ಅವಳ ಪಕ್ಕದಲ್ಲೇ ಇರುವವನು. ಕಚೇರಿಯ ಒಂದೊಂದು ಮುಖವೂ ಅವಳ ಕಣ್ಣಮುಂದೆ ಹಾದುಹೋಯಿತು.

"ನೋಡೋಕೆ ಹೇಗಿದ್ರು? ಎತ್ತರ, ಬಣ್ಣ, ವಯಸ್ಸು?"

"ಭಯಕ್ಕೆ ತಲೆ ಎತ್ತಿದ್ರೆ ತಾನೇ ಮೇಡಂ? ಅಲ್ದೆ ನಾವು ಮುಖ ಎಲ್ಲಿ ನೋಡ್ತೀವಿ, ಅಳತೆ ನೋಡ್ತೀವಿ." ಹೇಳಿದ ಮೇಲೆ ಅವಳಿಗೇ ಏನೋ ಹೊಳೆದಂತೆ ಕಣ್ಣು ಅಗಲವಾಯಿತು. "ಅಳತೆ! ಅಳತೆ ತಗೊಂಡಿದ್ದೆ ನಾನು ಅವರದ್ದು!"

"ಯಾಕೆ?"

ಹೊಲಿಗೆಯವಳು ನಾಚಿಕೆಯಿಂದ ತಲೆ ತಗ್ಗಿಸಿದಳು. "ಆಫೀಸರು ಅಂತ. ಮಷಿನ್ ಉಳೀಲಿ ಅಂತ. ನಾನೇ ಹಲ್ಲುಗಿಂಜಿಕೊಂಡು, ಸಾರ್ ನಿಮಗೊಂದು ಪ್ಯಾಂಟ್ ಹೊಲಿದುಕೊಡ್ತೀನಿ, ದುಡ್ಡು ಬೇಡ ಅಂದೆ. ಬೇಡ ಬೇಡ ಅಂತಲೇ ನಿಂತ್ಕೊಂಡು ಅಳತೆ ಕೊಟ್ರು. ಒಳ್ಳೆ ಬಟ್ಟೆ ಹಾಕಿ ಹೊಲಿದೆ. ತಗೊಂಡು ಹೋಗೋಕೆ ಬರಲೇ ಇಲ್ಲ ಮಹಾರಾಯ."

"ಈಗೆಲ್ಲಿದೆ ಅದು?"

"ಹೊಲಿದಿದ್ದನ್ನ ಬಿಸಾಕ್ತೀನಾ?"

ಬಟ್ಟೆಗಳ ಸಾಲಿನ ಕಟ್ಟಕಡೆಗೆ, ಗೋಡೆಯ ಮೂಲೆಯಲ್ಲಿ, ಒಂದು ಬೂದು ಬಣ್ಣದ ಪ್ಯಾಂಟು ನೇತಾಡುತ್ತಿತ್ತು. ಹೆಗಲ ಮೇಲೆ ಮಗು ಹಾಕಿಕೊಂಡಂತೆ ಹೊಲಿಗೆಯವಳು ಅದನ್ನು ತಂದು ಮೇಜಿನ ಮೇಲೆ ಹರಡಿದಳು. ನಾಲ್ಕು ವರ್ಷದ ಧೂಳು ಮೂಗಿಗೆ ಹೊಡೆಯಿತು.

ಟೇಪಮ್ಮ ಅಭ್ಯಾಸಬಲದಿಂದ ಕಾಲಿನ ಅಂಚನ್ನು ಮಗುಚಿ ಹೊಲಿಗೆ ನೋಡಿದಳು. ಒಂದೇ ಸಮನಾದ ಸಣ್ಣ ಸಣ್ಣ ಹೊಲಿಗೆ.

"ಹೊಲಿಗೆ ಬರುತ್ತಾ ಮೇಡಂ ನಿಮಗೆ?"

"ಅಂಚು ಮಡಚೋದು, ಸಣ್ಣಪುಟ್ಟ ಹೊಲಿಗೆ ಬರುತ್ತೆ. ಮನೇಲಿ ಮಾಡ್ತಿರ್ತೀನಿ" ಎಂದಳು ಟೇಪಮ್ಮ, ಎರಡೂ ಕಾಲುಗಳನ್ನು ಸರಿಯಾಗಿ ಜೋಡಿಸುತ್ತ.

ಕಾಲುಗಳು ಸರಿಹೋಗಲಿಲ್ಲ. ಅವಳು ಸೊಂಟದ ಕಡೆಯಿಂದ ಮತ್ತೆ ಜೋಡಿಸಿ, ಅಂಗೈಯಿಂದ ಸುಕ್ಕು ಸವರಿದಳು. ಎಡಗಾಲು ಗಿಡ್ಡ.

"ಅದು ತಪ್ಪಲ್ಲ ಮೇಡಂ" ಎಂದಳು ಹೊಲಿಗೆಯವಳು ಅವಸರದಿಂದ. "ಅವರಿಗೇ ಹಾಗಿತ್ತು. ನಡೆಯುವಾಗ ಗೊತ್ತಾಗ್ತಿರಲಿಲ್ಲ, ಚಪ್ಪಲಿ ಏನೋ ದಪ್ಪ ಮಾಡಿಸ್ಕೊಂಡಿದ್ರು. ಅಳತೆಗೆ ನಿಂತಾಗ ಸಿಕ್ತು. ಒಂದೂವರೆ ಇಂಚು."

ಟೇಪಮ್ಮ ಸ್ಟೀಲ್ ಟೇಪು ಇಟ್ಟಳು. ಇಡುವ ಅಗತ್ಯವೇ ಇರಲಿಲ್ಲ. ಒಂದೂವರೆ ಇಂಚು.

ಇಪ್ಪತ್ತೆರಡು ವರ್ಷದಿಂದ ಅವಳು ಮನೆಯಲ್ಲಿ ಪ್ರತಿ ಹೊಸ ಪ್ಯಾಂಟಿನ ಎಡಗಾಲು ಬಿಚ್ಚುತ್ತಿದ್ದಳು. ಒಂದೂವರೆ ಇಂಚು ಒಳಗೆ ಮಡಚಿ ಹೊಲಿಯುತ್ತಿದ್ದಳು. ಚಿಕ್ಕಂದಿನಲ್ಲಿ ಮುರಿದು ಸರಿಯಾಗಿ ಕೂಡದ ಕಾಲು. ಮದುವೆಯಾದ ಹೊಸತರಲ್ಲಿ ಅದನ್ನು ಯಾರಿಗೂ ಹೇಳಬೇಡ ಎಂದಿದ್ದರು. ಅವಳು ತನ್ನ ತಾಯಿಗೂ ಹೇಳಿರಲಿಲ್ಲ.

ಛೇ, ಹುಚ್ಚು! ಊರಲ್ಲಿ ಅಂಥ ಕಾಲಿನವರು ಇನ್ನೊಬ್ಬರಿರಬಾರದೇ? ಇರಲೇಬೇಕು, ಇರುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಅವಳ ಬೆರಳು ಅವಳನ್ನು ಕೇಳದೆ ಸೊಂಟಪಟ್ಟಿಯ ಒಳಗೆ, ಬಲಗಡೆಗೆ, ಹೋಯಿತು.

ಅಲ್ಲಿ ಎರಡು ಬೆರಳು ಅಗಲದ ಕಳ್ಳಜೇಬು ಇತ್ತು.

"ಅದನ್ನ ಅವರೇ ಹೇಳಿ ಇಡಿಸಿದ್ದು" ಎಂದಳು ಹೊಲಿಗೆಯವಳು. "ಕೀ ಇಟ್ಕೊಳ್ಳೋಕಂತೆ. ಇರಲೇಬೇಕು ಅಂದ್ರು."

ತಮ್ಮ ಮನೆಯ ಹಜಾರದ ಮೇಜಿನ ಕೆಳಗಿನ ಖಾನೆಯ ಕೀ. ಕಕ್ಷಿದಾರರ ಕಾಗದ, ನೀನು ಮುಟ್ಟಬೇಡ ಎಂದಿದ್ದರು. ಅವಳು ಮುಟ್ಟಿರಲಿಲ್ಲ. ಆ ಜೇಬನ್ನೂ ಪ್ರತಿ ಪ್ಯಾಂಟಿಗೆ ತನ್ನ ಕೈಯಾರೆ ಹೊಲಿದು ಕೊಟ್ಟಿದ್ದಳು. ಸಂಜೆಯಾದರೆ ಅವಳ ಚೀಲ, ಚೀಲದೊಳಗಿನ ಏಳನೇ ನಂಬರಿನ ಸೀಲು, ಅದೇ ಮೇಜಿನ ಹಿಂದಿನ ಮೊಳೆಗೆ ನೇತಾಡುತ್ತದೆ. ಜವಾನನನ್ನು, ಸಹೋದ್ಯೋಗಿಯನ್ನು, ಎದುರಿಗೆ ನಿಂತ ಈ ಬಡಪಾಯಿಯನ್ನು, ಎಲ್ಲರನ್ನೂ ಅನುಮಾನಿಸಿದ್ದಳು. ಮನೆಯ ಕಡೆ ಒಂದು ಸಲವೂ ತಿರುಗಿ ನೋಡಿರಲಿಲ್ಲ. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಮೇಡಂ? ನೀರು ಕೊಡ್ಲಾ?"

"ಬೇಡ." ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಇದನ್ನ ನಾನು ತಗೊಂಡು ಹೋಗ್ತೀನಿ." ಅಂದವಳೇ ಪ್ಯಾಂಟನ್ನು ಮಡಚಿ ಚೀಲಕ್ಕೆ ಹಾಕಹೊರಟಳು. ಚೀಲದೊಳಗೆ ಹೋದರೆ ಸಾಕು ಅನ್ನಿಸಿತ್ತು. ಆಮೇಲಿನದು ಆಮೇಲೆ.

ಅನುವಾದಕಿಯ ಕೈ ಪ್ಯಾಂಟಿನ ಮೇಲೆ ಬಿತ್ತು.

"ರಸೀದಿ ಬರೆದು ಕೊಡಿ."

"ಏನು?"

"ಬೆಳಿಗ್ಗೆಯಿಂದ ನಾನು ಹೇಳಿದ್ದು ಒಂದನ್ನೂ ನೀವು ನಂಬಲಿಲ್ಲ. ನಾನು ಯಾಕೆ ನಿಮ್ಮನ್ನ ನಂಬಲಿ? ನನ್ನನ್ನ ಉಳಿಸೋಕೆ ಇರೋದು ಇದೊಂದೇ. ಮನೆಯಿಂದ ಏನೇ ತಗೊಂಡು ಹೋದ್ರೂ ರಸೀದಿ ಕೊಡಬೇಕು ಅಂತ ನಿಮ್ಮ ನಿಯಮದಲ್ಲೇ ಇದೆ. ಹನ್ನೊಂದನೇ ಫಾರಂ. ಆ ನಿಯಮಗಳನ್ನ ಮೂರು ಭಾಷೆಗೆ ಅನುವಾದ ಮಾಡಿದ್ದೀನಿ ನಾನು."

ತಪ್ಪು ಹಿಡಿಯುವಂತಿರಲಿಲ್ಲ. ಟೇಪಮ್ಮ ಫಾರಂ ಪುಸ್ತಕ ತೆಗೆದು, ಹಾಳೆಗಳ ನಡುವೆ ಕಾರ್ಬನ್ ಇಟ್ಟಳು. ಕೈ ತಾನಾಗಿಯೇ ಬರೆಯಿತು. ಸ್ಥಳ. ಸಮಯ, ನಾಲ್ಕು ಗಂಟೆ ಹತ್ತು ನಿಮಿಷ. ವಸ್ತು, ಬೂದು ಬಣ್ಣದ ಪ್ಯಾಂಟು ಒಂದು. ಗುರುತು, ಎಡಗಾಲು ಒಂದೂವರೆ ಇಂಚು ಕಡಿಮೆ, ಒಳಗೆ ಬಲಗಡೆ ಸಣ್ಣ ಜೇಬು. ಎಷ್ಟು ಚೆನ್ನಾಗಿ ಬರೆದಳು! ಈ ಇಪ್ಪತ್ತೆರಡು ವರ್ಷದಲ್ಲಿ ಅವಳ ಒಂದು ಫಾರಮ್ಮೂ ತಪ್ಪಾಗಿದೆಯೆಂದು ವಾಪಸು ಬಂದಿರಲಿಲ್ಲ.

ಕೊನೆಯ ಸಾಲು ಅಚ್ಚಾಗಿಯೇ ಇತ್ತು. 'ವಸ್ತುವಿನ ಮಾಲೀಕರು ಯಾರೆಂದು ಅಧಿಕಾರಿಗೆ ಗೊತ್ತಿದೆ / ಗೊತ್ತಿಲ್ಲ. ಅನ್ವಯಿಸದ್ದನ್ನು ಹೊಡೆದುಹಾಕಿ.'

ಪೆನ್ನು ಅಲ್ಲಿ ನಿಂತಿತು. ಹೊಲಿಗೆಯವಳು ಮಷಿನ್ನಿನ ಬೆಡ್‌ಶೀಟಿನ ಅಂಚನ್ನು ಹಿಂಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ಅನುವಾದಕಿಯ ಫೋನು ಬಡಿದುಕೊಂಡು ಸುಮ್ಮನಾಯಿತು. ಟೇಪಮ್ಮ ಕಣ್ಣುಮುಚ್ಚಿ ಒಂದು ಉಸಿರು ಎಳೆದುಕೊಂಡು, ಗೆರೆ ಎಳೆದು, ಸಹಿ ಹಾಕಿ, ಸೀಲು ಒತ್ತಿ, ಕೆಳಗಿನ ಹಾಳೆ ಹರಿದು ಕೊಟ್ಟಳು. ಪ್ಯಾಂಟು ಚೀಲಕ್ಕೆ ಸೇರಿಸಿ ಬೇಗ ಬೇಗ ಬಾಗಿಲಿನ ಕಡೆ ನಡೆದಳು.

"ಒಂದು ನಿಮಿಷ."

ಒಂದಕ್ಷರ ಬಿಡದೆ ಕಾಗದ ಓದುವುದೇ ಅನುವಾದಕಿಯ ಹೊಟ್ಟೆಪಾಡು. ಅವಳು ರಸೀದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಓದಿ, ಕೊನೆಯ ಸಾಲಿನ ಮೇಲೆ ಶಾಯಿ ಅಂಟಿದ ಬೆರಳಿಟ್ಟಳು.

"ನೀವು ಹೊಡೆದುಹಾಕಿರೋದು 'ಗೊತ್ತಿಲ್ಲ' ಅನ್ನೋದನ್ನ."

ಟೇಪಮ್ಮ ತಿರುಗಿ ನೋಡಲಿಲ್ಲ. ಸುಳ್ಳು ಬರೆದು ಅಭ್ಯಾಸವಿಲ್ಲದ ಕೈ.

"ಅಂದ್ರೆ ನಿಮಗೆ ಗೊತ್ತಿದೆ" ಎಂದಳು ಅನುವಾದಕಿ. "ಯಾರು ಮೇಡಂ ಅವರು?"